ಯಾವ ದನಕ್ಕೆ ಯಾವ ಮದ್ದು: ಹಾವೇರಿ ಸೀಮೆಯ ಪಶುವೈದ್ಯ ಮತ್ತು ಬದಲಾದ ನಂಟು

ಮನುಷ್ಯ ತನ್ನ ಸುತ್ತಲಿನ ಪ್ರಾಣಿಗಳಿಗೆ ಮದ್ದು ಹಾಕುವುದು ಕರುಣೆಯಿಂದಲೋ ಲಾಭಕ್ಕಾಗಿಯೋ ಎಂಬ ಪ್ರಶ್ನೆಗೆ ಪಶುವೈದ್ಯದ ಚರಿತ್ರೆಯಲ್ಲಿ ನೇರ ಉತ್ತರ ದೊರೆಯುವುದಿಲ್ಲ. ಆದರೆ ಯಾವ ಕಾಲದಲ್ಲಿ ಯಾವ ಪ್ರಾಣಿಗೆ ವೈದ್ಯ ಮೊದಲು ತಲುಪಿತು, ಯಾವುದು ಸರದಿಯ ಕೊನೆಗೆ ಸರಿಯಿತು ಎಂಬುದನ್ನು ಗಮನಿಸಿದರೆ, ಆಯಾ ಕಾಲದ ಸಮಾಜದಲ್ಲಿ ಪ್ರಾಣಿಗಳಿಗೆ ಇದ್ದ ಸ್ಥಾನಮಾನ ಸ್ಪಷ್ಟವಾಗುತ್ತದೆ. ಇಂಥ ಅವಲೋಕನಕ್ಕೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ತಕ್ಕ ನೆಲವಾಗಿವೆ. ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ಎರೆಭೂಮಿಯವರೆಗೆ ಹರಡಿರುವ ಈ ಪ್ರದೇಶದಲ್ಲಿ ಉಳುವ ಎತ್ತು, ಹಾಲು ಕೊಡುವ ಮಿಶ್ರತಳಿ ಆಕಳು, ಅಖಾಡದಲ್ಲಿ ಓಡುವ ಹೋರಿ, ಹಿಂಡಿನ ಕುರಿ, ಮನೆಯ ನಾಯಿ ಮತ್ತು ಬೀದಿಯ ನಾಯಿ ಅಕ್ಕಪಕ್ಕದಲ್ಲೇ ಬದುಕುತ್ತಿವೆ. ಆದರೂ ಅವುಗಳಲ್ಲಿ ಪ್ರತಿಯೊಂದಕ್ಕೂ ದೊರೆಯುವ ಚಿಕಿತ್ಸೆ ಬೇರೆ, ಆ ಚಿಕಿತ್ಸೆಯ ಹಿಂದಿನ ಲೆಕ್ಕಾಚಾರವೂ ಬೇರೆ.

ತುರು ಕಾದವರ ನಾಡಿನಲ್ಲಿ

ಶಾಸನಗಳಲ್ಲಿ ಪಾನುಂಗಲ್ ಎಂದು ಕರೆಯಲಾದ ಹಾನಗಲ್ಲ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಕದಂಬ ಶಾಖೆಯೊಂದರ ರಾಜಧಾನಿಯಾಗಿತ್ತು. ಈ ಭಾಗದ ಊರುಗಳಲ್ಲಿ ಸಿಗುವ ವೀರಗಲ್ಲುಗಳಲ್ಲಿ ಹಲವು ತುರುಗೋಳಿಗೆ ಸಂಬಂಧಿಸಿದವು, ಎಂದರೆ ಊರಿನ ದನಗಳನ್ನು ಹಗೆಗಳು ಅಟ್ಟಿಕೊಂಡು ಹೋದಾಗ ಅವನ್ನು ಮರಳಿ ತರಲು ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದವು. ದನವೇ ಧನವಾಗಿದ್ದ, ಅದಕ್ಕಾಗಿ ಪ್ರಾಣ ಕೊಡುವುದು ಊರಿನ ಗೌರವವೆನಿಸಿದ್ದ ಅಂಥ ಸಮಾಜದಲ್ಲಿ ಪಶುವೈದ್ಯವೂ ವಿದ್ವತ್ತಿನ ವಿಷಯವಾದದ್ದು ಸಹಜ. ಚಾಲುಕ್ಯ ರಾಜಮನೆತನದ ಕೀರ್ತಿವರ್ಮ 12ನೆಯ ಶತಮಾನದ ಆರಂಭದ ಹೊತ್ತಿಗೆ ರಚಿಸಿದ ‘ಗೋವೈದ್ಯ’ವನ್ನು ಈ ವಿಷಯದ ಮೊದಲ ಕನ್ನಡ ಗ್ರಂಥವೆಂದು ಸಾಹಿತ್ಯ ಚರಿತ್ರೆಕಾರರು ಗುರುತಿಸಿದ್ದಾರೆ, ಅದರಲ್ಲಿ ಔಷಧ ಮತ್ತು ಮಂತ್ರಗಳೆರಡೂ ಬೆರೆತಿವೆ. ಅದೇ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಆನೆ ಮತ್ತು ಕುದುರೆಗಳ ಪಾಲನೆಯನ್ನು ವಿವರವಾಗಿ ಚರ್ಚಿಸಿತು. ರಾಜ್ಯದ ಬಲ ಆನೆ, ಕುದುರೆಗಳ ಮೇಲೆ ನಿಂತಿದ್ದರಿಂದ ಅವುಗಳ ವೈದ್ಯ ಆಸ್ಥಾನದ ಶಾಸ್ತ್ರವಾಯಿತು. ಒಕ್ಕಲಿಗನ ಎತ್ತಿನ ವೈದ್ಯವಾದರೋ ಬಹುಪಾಲು ಬಾಯಿಂದ ಬಾಯಿಗೆ ಸಾಗಿ ಬಂದಿತು.

ಆ ಮನೆವೈದ್ಯದ ಕೆಲವು ಕ್ರಮಗಳು ಇಂದಿಗೂ ಉಳಿದಿವೆ. ಸೊಪ್ಪಿನ ರಸವನ್ನೋ ಕಷಾಯವನ್ನೋ ಬಿದಿರಿನ ಗೊಟ್ಟದಲ್ಲಿ ತುಂಬಿ ದನದ ಬಾಯಿಗೆ ಹೊಯ್ಯುವುದು ಅವುಗಳಲ್ಲಿ ಒಂದಾದರೆ, ಕಾದ ಕಬ್ಬಿಣದಿಂದ ಮೈಮೇಲೆ ಬರೆ ಎಳೆಯುವುದು ಇನ್ನೊಂದು. ಬರೆಯಿಂದ ರೋಗ ವಾಸಿಯಾಗುವುದಿಲ್ಲ, ಬದಲಿಗೆ ಗಾಯವಾಗಿ ಹುಳು ಬೀಳುವ ಅಪಾಯ ಹೆಚ್ಚುತ್ತದೆ ಎಂದು ಪಶುವೈದ್ಯರು ಹೇಳುತ್ತ ಬಂದಿದ್ದರೂ ಆ ರೂಢಿ ಪೂರ್ತಿ ನಿಂತಿಲ್ಲ. ಹತ್ತಿರದಲ್ಲಿ ಬೇರೆ ನೆರವಿಲ್ಲದಿದ್ದಾಗ ಏನನ್ನಾದರೂ ಮಾಡಲೇಬೇಕೆಂಬ ಒತ್ತಡ ಅದನ್ನು ಉಳಿಸಿಕೊಂಡು ಬಂದಿದೆ. ಬಾಯಿಗೆ ಹೊಯ್ದ ಔಷಧ ಉಸಿರುನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದಾದ್ದರಿಂದ ಗೊಟ್ಟದ ಬಳಕೆಗೂ ಕೈಪಳಗಿರಬೇಕು.

ಹಿಂಡಿಗೆ ಬಂದ ಸರ್ಕಾರಿ ವೈದ್ಯ

ಆಧುನಿಕ ಪಶುವೈದ್ಯ ಈ ಸೀಮೆಗೆ ಒಂದೊಂದು ಪ್ರಾಣಿಯನ್ನು ಗುಣಪಡಿಸುವ ವಿದ್ಯೆಯಾಗಿ ಬರಲಿಲ್ಲ; ಪಿಡುಗು ತಡೆಯುವ ಆಡಳಿತವಾಗಿ ಬಂದಿತು. ಬ್ರಿಟಿಷರ ಕಾಲದಲ್ಲಿ ಹಾನಗಲ್ಲ, ಶಿಗ್ಗಾಂವ ಕೇಂದ್ರವಾಗಿದ್ದ ಬಂಕಾಪುರ ತಾಲ್ಲೂಕು ಮತ್ತು ಹಿರೇಕೆರೂರು ಕೇಂದ್ರವಾಗಿದ್ದ ಕೋಡ ತಾಲ್ಲೂಕುಗಳು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು; ಸವಣೂರು ನವಾಬರ ಸಂಸ್ಥಾನವಾಗಿತ್ತು. ಆಗ ದನಗಳನ್ನು ಕಾಡುತ್ತಿದ್ದ ಭಯಂಕರ ಪಿಡುಗೆಂದರೆ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ದಡಾರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾದ ವೈರಸ್ಸಿನಿಂದ ಬರುವ ಈ ರೋಗದಲ್ಲಿ ಜ್ವರ, ಬಾಯಿಹುಣ್ಣು ಮತ್ತು ತೀವ್ರ ಭೇದಿಯಿಂದ ದನಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಎತ್ತು ಸತ್ತರೆ ಉಳುಮೆಯಿಲ್ಲ, ಉಳುಮೆಯಿಲ್ಲದಿದ್ದರೆ ಕಂದಾಯವಿಲ್ಲ. ಹೀಗಾಗಿ ದನದ ಸಾವು ಖಜಾನೆಯ ಚಿಂತೆಯೂ ಆಯಿತು. ದನಗಳ ಪಿಡುಗನ್ನು ಕುರಿತ ಆಯೋಗ 1871ರಲ್ಲಿ ವರದಿ ಕೊಟ್ಟಿತು, 1886ರಲ್ಲಿ ಮುಂಬೈ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು, 1889ರಲ್ಲಿ ಪುಣೆಯಲ್ಲಿ ಹುಟ್ಟಿದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಮುಂದೆ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. ಯುರೋಪಿನಲ್ಲಿಯೂ ಕತೆ ಬೇರೆಯಾಗಿರಲಿಲ್ಲ: ಫ್ರಾನ್ಸಿನ ಲಿಯೋನ್ ನಗರದಲ್ಲಿ 1761ರಲ್ಲಿ ಕ್ಲೋದ್ ಬೂರ್ಜೆಲಾ ಮೊದಲ ಪಶುವೈದ್ಯ ಶಾಲೆಯನ್ನು ತೆರೆದದ್ದರ ಹಿಂದೆಯೂ ಇದೇ ಪಿಡುಗಿನ ಭಯ ಇತ್ತು.

ಮುಕ್ತೇಶ್ವರದಲ್ಲಿ ಜೆ.ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ವೈರಸ್ಸನ್ನು ಆಡುಗಳಲ್ಲಿ ಮತ್ತೆಮತ್ತೆ ಬೆಳೆಸಿ ಅದರ ಉಗ್ರತೆಯನ್ನು ಕುಂದಿಸಿ ಲಸಿಕೆ ತಯಾರಿಸಿದರು. ಮೈಸೂರು ಸಂಸ್ಥಾನ ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಸ್ವಾತಂತ್ರ್ಯಾನಂತರ 1954ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಊರೂರಿಗೆ ಲಸಿಕೆಯನ್ನು ಒಯ್ದಿತು. ಹಿಂಡಿನ ಬಹುಪಾಲು ದನಗಳಿಗೆ ರೋಗನಿರೋಧ ಬಂದರೆ ವೈರಸ್ಸಿಗೆ ಹೊಸ ಆಶ್ರಯ ಸಿಗದೆ ಅದು ತಾನಾಗಿ ಕೊನೆಗೊಳ್ಳುತ್ತದೆ ಎಂಬ ಸಾಮೂಹಿಕ ನಿರೋಧದ ತತ್ತ್ವವೇ ಇದರ ಬುನಾದಿ. ಭಾರತದಲ್ಲಿ ಕೊನೆಯ ಪ್ರಕರಣ 1995ರಲ್ಲಿ ಕಾಣಿಸಿತು, 2011ರಲ್ಲಿ ಜಗತ್ತೇ ಈ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬಿನ ಬಳಿಕ ಭೂಮಿಯಿಂದ ಅಳಿಸಿಹೋದ ಎರಡನೆಯ ರೋಗ ಇದು. ಈ ಗೆಲುವಿನಲ್ಲಿ ವೈದ್ಯನ ಎದುರಿಗಿದ್ದದ್ದು ಹೆಸರಿರುವ ಯಾವುದೋ ಒಂದು ಎತ್ತಲ್ಲ, ಊರಿನ ಇಡೀ ಹಿಂಡು. ಕಾಲುಬಾಯಿ ಜ್ವರ ಮತ್ತು ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಇವುಗಳ ವಿರುದ್ಧ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಅದೇ ತರ್ಕವನ್ನು ಮುಂದುವರಿಸಿದೆ. ದನದ ಕಿವಿಗೆ ತೊಡಿಸುವ 12 ಅಂಕಿಗಳ ಓಲೆ ಪ್ರತಿಯೊಂದು ದನವನ್ನೂ ಸರ್ಕಾರಿ ದಾಖಲೆಗೆ ಸೇರಿಸುತ್ತಿದೆ.

ಎತ್ತಿನಿಂದ ಆಕಳಿಗೆ

ಶಿಗ್ಗಾಂವ ತಾಲ್ಲೂಕಿನ ಬಂಕಾಪುರ ಕೋಟೆಯ ಆವರಣ ಈ ಸೀಮೆಯ ಪಶುಸಂಗೋಪನೆಯ ಹಳೆಯ ಆದ್ಯತೆಯನ್ನು ನೆನಪಿಸುತ್ತದೆ. 139 ಎಕರೆಯಷ್ಟು ವಿಸ್ತಾರವಾದ, 2006ರಲ್ಲಿ ನವಿಲುಧಾಮವೆಂದು ಘೋಷಣೆಯಾದ ಈ ಕೋಟೆಯಲ್ಲಿ ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರವೂ ಇದೆ. ಉದ್ದ ಕೊಂಬು, ಬಿಗಿಯಾದ ಮೈಕಟ್ಟು, ಚುರುಕು ನಡೆಯ ಖಿಲಾರಿ ಹೆಚ್ಚು ಹಾಲು ಕೊಡುವ ತಳಿಯಲ್ಲ. ಉಳುಮೆಗೆ, ಚಕ್ಕಡಿಗೆ ಹೇಳಿಮಾಡಿಸಿದ್ದು. ಎತ್ತು ರೈತನ ಶಕ್ತಿಯಾಗಿದ್ದಾಗ ಪಶುವೈದ್ಯರ ಮುಂದೆ ಬರುತ್ತಿದ್ದ ದೂರುಗಳೂ ಅದಕ್ಕೆ ತಕ್ಕಂತಿದ್ದವು: ನೊಗದ ಉಜ್ಜುವಿಕೆಯಿಂದ ಹೆಗಲಿಗೆ ಬಾವು, ಕಲ್ಲು ತಗುಲಿದ ಗೊರಸು, ಕೋಡೆಣಸು. ಕೋಡೆಣಸು ಎಂಬುದು ಕೊಂಬಿನ ಬುಡದೊಳಗಿನ ಪದರದಲ್ಲಿ ಹುಟ್ಟುವ ಕ್ಯಾನ್ಸರ್. ಉದ್ದ ಕೊಂಬಿನ ದೇಶಿ ಎತ್ತುಗಳಲ್ಲಿ ಹೆಚ್ಚಾಗಿ ಕಾಣಿಸುವ ಇದನ್ನು ಬೇಗ ಗುರುತಿಸಿ ಕೊಂಬನ್ನು ಬುಡಸಮೇತ ತೆಗೆದರೆ ಎತ್ತು ಉಳಿಯಬಲ್ಲದು.

ಟ್ರ್ಯಾಕ್ಟರ್ ಹೊಲಕ್ಕಿಳಿದ ಮೇಲೆ, ಗೋವಿನಜೋಳ ಈ ತಾಲ್ಲೂಕುಗಳ ಮುಖ್ಯ ಬೆಳೆಗಳಲ್ಲಿ ಒಂದಾದ ಮೇಲೆ, ಧಾರವಾಡ ಹಾಲು ಒಕ್ಕೂಟದ ಜಾಲ 1980ರ ದಶಕದ ಬಳಿಕ ಹಳ್ಳಿಗಳನ್ನು ತಲುಪಿದ ಮೇಲೆ, ಕೊಟ್ಟಿಗೆಯ ಕೇಂದ್ರಸ್ಥಾನ ಎತ್ತಿನಿಂದ ಆಕಳಿಗೆ ದಾಟಿತು. ಇದಕ್ಕೆ ದಾರಿ ಮಾಡಿದ ತಂತ್ರ ಕೃತಕ ಗರ್ಭಧಾರಣೆ. ಭಾರತದಲ್ಲಿ ಅದರ ಮೊದಲ ಪ್ರಯೋಗ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿಯಲ್ಲಿ, ಸಂಪತ್‌ಕುಮಾರನ್ ಅವರಿಂದ. ಇಂದು ಮೈನಸ್ 196 ಡಿಗ್ರಿ ಸೆಲ್ಸಿಯಸ್ ಶೈತ್ಯದ ದ್ರವ ಸಾರಜನಕದಲ್ಲಿ ಸಂಗ್ರಹಿಸಿದ ವೀರ್ಯದ ನಳಿಕೆಯೊಂದು ಹಳ್ಳಿಯ ಮನೆಬಾಗಿಲಿಗೆ ಬರುತ್ತದೆ. ಹತ್ತರಲ್ಲಿ ಒಂಬತ್ತರಷ್ಟು ಹೆಣ್ಣುಗರುಗಳೇ ಹುಟ್ಟುವಂತೆ ವಿಂಗಡಿಸಿದ ವೀರ್ಯವೂ ಬಳಕೆಗೆ ಬಂದಿದೆ. 2019ರಲ್ಲಿ ಪ್ರಕಟವಾದ ದೇಶದ 20ನೆಯ ಜಾನುವಾರು ಗಣತಿಯ ಪ್ರಕಾರ, ಅದಕ್ಕೆ ಹಿಂದಿನ ಗಣತಿಗೆ ಹೋಲಿಸಿದರೆ ದೇಶಿ ದನಗಳ ಸಂಖ್ಯೆ ಶೇ 6ರಷ್ಟು ಇಳಿದಿದ್ದರೆ ವಿದೇಶಿ ಮತ್ತು ಮಿಶ್ರತಳಿಗಳ ಸಂಖ್ಯೆ ಶೇ 27ರ ಹತ್ತಿರ ಏರಿತ್ತು.

ದನದ ಕೆಲಸ ಬದಲಾದಂತೆ ಅದರ ರೋಗಗಳೂ ಬದಲಾದವು. ಹೆಚ್ಚು ಹಾಲು ಕೊಡುವ ಆಕಳಿನ ದೇಹ ಕರು ಹಾಕಿದ ಕೂಡಲೇ ಸುಣ್ಣದಂಶವನ್ನು ಹಾಲಿಗೆ ಹರಿಸುವುದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಆಕಳು ನೆಲಹಿಡಿಯುತ್ತದೆ. ಹಾಲುಜ್ವರ ಎಂದು ಕರೆಯಲಾಗುವ ಈ ಸ್ಥಿತಿಯಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ, ಸಾವಿನಂಚಿನಲ್ಲಿದ್ದಂತೆ ಕಂಡ ದನ ಹಲವು ಸಲ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಿಲ್ಲುತ್ತದೆ. ಬಿಳಿಜೋಳದ ಕಣಕಿಗೆ ಬದಲಾಗಿ ಗೋವಿನಜೋಳದ ಕಾಳನ್ನು ಒಮ್ಮೆಲೇ ಹೆಚ್ಚಾಗಿ ತಿಂದ ದನದ ಮೊದಲ ಹೊಟ್ಟೆಯಲ್ಲಿ, ಎಂದರೆ ಮೆಲುಕು ಹಾಕುವ ಮೇವು ಹುದುಗಿ ಜೀರ್ಣವಾಗುವ ರೂಮೆನ್‌ನಲ್ಲಿ, ಆಮ್ಲ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಕೆಚ್ಚಲು ಬಾವು ಹಾಲನ್ನು ಕೆಡಿಸುವುದಲ್ಲದೆ, ಅದಕ್ಕೆ ಕೊಟ್ಟ ಆ್ಯಂಟಿಬಯಾಟಿಕ್‌ನ ಅಂಶ ಕೆಲವು ದಿನ ಹಾಲಿನಲ್ಲಿ ಉಳಿಯುವುದರಿಂದ ಆ ಅವಧಿಯ ಹಾಲನ್ನು ಡೇರಿಗೆ ಹಾಕಬಾರದೆಂಬ ನಿಯಮವನ್ನೂ ತಂದಿದೆ. ದಿನದ ಆದಾಯ ತಪ್ಪಿಸುವ ಈ ನಿಯಮವನ್ನು ಪಾಲಿಸುವುದು ರೈತನಿಗೆ ಕಷ್ಟ, ಪಾಲಿಸದಿದ್ದರೆ ಅದರ ಫಲ ಹಾಲು ಕುಡಿಯುವ ಪಟ್ಟಣದ ಮಗುವಿಗೆ. ಹೀಗೆ ಪಶುವೈದ್ಯ ಕೊಟ್ಟಿಗೆಯ ಗಡಿ ದಾಟಿ ಆಹಾರ ಸುರಕ್ಷತೆಯ ಭಾಗವಾಯಿತು.

ಮೇವು ಹಾಕುವುದು, ಹಿಂಡುವುದು, ಸಗಣಿ ಬಾಚುವುದು ಬಹುಪಾಲು ಹೆಂಗಸರ ಕೆಲಸವಾದ್ದರಿಂದ ಬೆದೆಯ ಲಕ್ಷಣವನ್ನಾಗಲಿ ಕೆಚ್ಚಲಿನ ಬಿಸಿಯನ್ನಾಗಲಿ ಮೊದಲು ಅರಿಯುವವರೂ ಅವರೇ. ಸ್ವಸಹಾಯ ಸಂಘಗಳ ಮಹಿಳೆಯರಿಗೆ ತರಬೇತಿ ಕೊಟ್ಟು ಪಶುಸಖಿಯರನ್ನಾಗಿ ನೇಮಿಸುವ ಯೋಜನೆ ಈ ಅರಿವನ್ನು ವ್ಯವಸ್ಥೆಯ ಒಳಗೆ ತರುವ ಪ್ರಯತ್ನವಾಗಿದೆ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶುಚಿಕಿತ್ಸಾ ವಾಹನ ಮತ್ತು ಶಿಗ್ಗಾಂವದ ಪಶುಸಂಗೋಪನಾ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಪಡೆದು ಹೊರಬರುವ ಸಹಾಯಕ ಸಿಬ್ಬಂದಿ ಇದೇ ಸರಪಳಿಯ ಇತರ ಕೊಂಡಿಗಳು.

ಚರ್ಮಗಂಟು ರೋಗ ಕಲಿಸಿದ್ದು

ಈ ವ್ಯವಸ್ಥೆಯ ಕಠಿಣ ಪರೀಕ್ಷೆ ನಡೆದದ್ದು 2022ರಲ್ಲಿ. ಆ ವರ್ಷದ ಮಳೆಗಾಲದ ಕೊನೆಗೆ ರಾಜ್ಯದಲ್ಲಿ ಹರಡಿದ ಚರ್ಮಗಂಟು ರೋಗದಿಂದ ಹೆಚ್ಚು ಬಾಧೆಪಟ್ಟ ಜಿಲ್ಲೆಗಳಲ್ಲಿ ಹಾವೇರಿಯೂ ಸೇರಿತ್ತು. ಆಫ್ರಿಕಾದ ಜಾಂಬಿಯಾದಲ್ಲಿ 1929ರಲ್ಲಿ ಮೊದಲು ಗುರುತಿಸಲಾದ ಈ ರೋಗ ಭಾರತವನ್ನು ಮುಟ್ಟಿದ್ದು 2019ರಲ್ಲಿ. ಕಚ್ಚುವ ನೊಣ, ಸೊಳ್ಳೆ ಮತ್ತು ಉಣ್ಣೆಗಳ ಮೂಲಕ ಹರಡುವ ವೈರಸ್ಸು ಜ್ವರ ತಂದು ಮೈತುಂಬ ಗಂಟುಗಳನ್ನು ಎಬ್ಬಿಸುತ್ತದೆ, ಕಾಲು ಬಾತು ದನ ನಡೆಯದಾಗುತ್ತದೆ, ಹಾಲು ಬತ್ತುತ್ತದೆ. ಎಮ್ಮೆಗಳಿಗಿಂತ ಆಕಳು, ಎತ್ತುಗಳಿಗೆ ಇದರ ಕಾಟ ಹೆಚ್ಚು, ಮನುಷ್ಯರಿಗೆ ಇದು ತಗಲುವುದಿಲ್ಲ. ಮೇಕೆ ಸಿಡುಬಿನ ವೈರಸ್ಸು ಇದೇ ಕುಲಕ್ಕೆ ಸೇರಿದ್ದರಿಂದ ಅದರ ಲಸಿಕೆಯನ್ನೇ ದನಗಳಿಗೂ ಹಾಕಲಾಯಿತು. ಆದರೆ ಲಸಿಕೆಯ ರಕ್ಷಣೆ ಮೂಡಲು ಎರಡು ಮೂರು ವಾರ ಬೇಕು, ಸೋಂಕು ಅಷ್ಟು ಕಾಯುವುದಿಲ್ಲ.

ದನಗಳನ್ನು ಒಂದೆಡೆ ಸೇರಿಸುವ ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಿದ್ದಾಗ ದನದ ವ್ಯಾಪಾರದ ಜೊತೆಗೆ ಊರಿನ ಹಬ್ಬದ ಕ್ರಮವೂ ಏರುಪೇರಾಯಿತು. ಮನೆಮದ್ದಿಗೂ ಆಗ ಮತ್ತೆ ಮನ್ನಣೆ ಬಂದಿತು: ವೀಳ್ಯದೆಲೆ, ಕರಿಮೆಣಸು, ಉಪ್ಪು ಅರೆದು ಬೆಲ್ಲದಲ್ಲಿ ಬೆರೆಸಿ ತಿನ್ನಿಸುವ ಕ್ರಮವನ್ನು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿತು. ವೀಳ್ಯದೆಲೆಗೆ ಹೆಸರಾದ ಸವಣೂರಿನಲ್ಲಿ ಅದರ ಮುಖ್ಯ ಸಾಮಗ್ರಿಗೆ ಹುಡುಕಾಡಬೇಕಿರಲಿಲ್ಲ. ಇಂಥ ಉಪಚಾರ ನೋವು ತಗ್ಗಿಸಲು, ಮೇವಿನ ರುಚಿ ಹುಟ್ಟಿಸಲು ನೆರವಾಗಬಹುದೇ ಹೊರತು ಲಸಿಕೆಯ ಜಾಗವನ್ನು ತುಂಬಲಾರದು. ಪರಿಹಾರದ ಮೊತ್ತದಲ್ಲಿ ಗಮನಿಸಬೇಕಾದ ಸಂಗತಿಯೊಂದು ಇದೆ: ರೋಗದಿಂದ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಗಳನ್ನು ರಾಜ್ಯ ಸರ್ಕಾರ ನಿಗದಿಪಡಿಸಿತ್ತು. ಟ್ರ್ಯಾಕ್ಟರ್ ಬಂದು ದಶಕಗಳಾದ ಮೇಲೂ ಸಣ್ಣ ಹಿಡುವಳಿಯ ಒಕ್ಕಲುತನ ಎತ್ತಿನ ಮೇಲೆಯೇ ನಿಂತಿದೆ ಎಂಬುದನ್ನು ಈ ಮೊತ್ತ ಒಪ್ಪಿಕೊಂಡಿತು.

ಹೆಸರು ಪಡೆದ ಹೋರಿ

ಪ್ರಾಣಿಯನ್ನು ಹಿಂಡಿನಿಂದ ಬೇರ್ಪಡಿಸಿ ಒಂದು ವ್ಯಕ್ತಿತ್ವವಾಗಿ ಕಾಣುವ ಪ್ರವೃತ್ತಿ ನಗರದ ಸಾಕುನಾಯಿಯಿಂದ ಆರಂಭವಾಯಿತೆಂದು ಹೇಳುವುದು ವಾಡಿಕೆ. ಹಾವೇರಿ ಸೀಮೆಯಲ್ಲಿ ಈ ಮಾತು ನಿಲ್ಲುವುದಿಲ್ಲ. ದೀಪಾವಳಿಯ ಹಟ್ಟಿಹಬ್ಬದಿಂದ ಮುಂದೆ ತಿಂಗಳುಗಟ್ಟಲೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಕೊಬ್ಬರಿ ಹಾರ, ಬಲೂನು, ಬಣ್ಣದ ಬಟ್ಟೆಗಳಿಂದ ಸಿಂಗರಿಸಿದ ಹೋರಿಯನ್ನು ಜನಸಂದಣಿಯ ನಡುವೆ ಓಡಿಸಲಾಗುತ್ತದೆ; ಕೈಗೆ ಸಿಗದೆ, ಕೊಬ್ಬರಿ ಕಳೆದುಕೊಳ್ಳದೆ ಪಾರಾದ ಹೋರಿ ಗೆದ್ದಂತೆ. ಇಂಥ ಹೋರಿಗೆ ಬಿರುದಿನಂಥ ಹೆಸರಿರುತ್ತದೆ, ಅಭಿಮಾನಿಗಳ ಬಳಗವಿರುತ್ತದೆ, ಹುಟ್ಟುಹಬ್ಬದ ಫಲಕ ಕಟ್ಟುವವರಿರುತ್ತಾರೆ. ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುವುದೂ ಉಂಟು. ಹುರುಳಿ, ಹತ್ತಿಕಾಳು, ಮೊಟ್ಟೆ ತಿನ್ನಿಸಿ, ಈಜಿಸಿ, ಓಡಿಸಿ ಬೆಳೆಸಿದ ಹೋರಿಗೆ ಸಣ್ಣ ಗಾಯವಾದರೂ ವೈದ್ಯರನ್ನು ಕರೆಸಲು ಮಾಲೀಕ ಖರ್ಚಿನ ಲೆಕ್ಕ ಹಾಕುವುದಿಲ್ಲ. ಹೊಲ ಉಳದ, ಹಾಲು ಕೊಡದ ಪ್ರಾಣಿಗೆ ಇಷ್ಟು ಆರೈಕೆ ಸಲ್ಲುವುದು ಅಭಿಮಾನದ ಫಲ. ಇಲ್ಲಿ ಪ್ರಾಣಿಯಿಂದ ಸಿಗುವುದು ಊರಿನ, ಮನೆತನದ ಮರ್ಯಾದೆ.

ಆದರೆ ಅಭಿಮಾನ ಇರುವಲ್ಲಿ ಹಿಂಸೆ ಇರುವುದಿಲ್ಲವೆಂದು ಹೇಳಲಾಗದು. ಗದ್ದಲದಲ್ಲಿ ಬೆದರಿದ ಹೋರಿಗೆ ಆಗುವ ಗಾಯ, ಹೋರಿಯ ತಿವಿತಕ್ಕೆ ಸಿಕ್ಕ ಮನುಷ್ಯರ ಸಾವು, ಇವೆರಡೂ ಈ ಆಟದ ಜೊತೆಗಿವೆ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರಲ್ಲಿಯೇ ಬಂದಿತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನು ನಿಷೇಧಿಸಿದಾಗ ಇಂಥ ಆಟಗಳೆಲ್ಲದರ ಮೇಲೆ ಪ್ರಶ್ನೆ ಎದ್ದಿತು. ಕಂಬಳ ಮತ್ತು ಎತ್ತಿನ ಓಟಗಳಿಗಾಗಿ ಕರ್ನಾಟಕ 2017ರಲ್ಲಿ ಮಾಡಿಕೊಂಡ ತಿದ್ದುಪಡಿಯನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ನೋವು ಕೊಡಕೂಡದೆಂಬ ಷರತ್ತು ಅಂಥ ಕಾನೂನುಗಳ ಭಾಗವಾದ್ದರಿಂದ, ಅಖಾಡಕ್ಕೆ ಇಳಿಯುವ ಪ್ರಾಣಿಯ ಆರೋಗ್ಯ ನೋಡುವ ಪಶುವೈದ್ಯರಿಗೆ ನೋವನ್ನು ಅಳೆಯುವ ಸಾಕ್ಷಿದಾರನ ಹೊಸ ಪಾತ್ರವೂ ಬಂದಿದೆ.

ಯಾರದೂ ಅಲ್ಲದ ಪ್ರಾಣಿಗಳು

ಇಲ್ಲಿಯವರೆಗಿನ ಎಲ್ಲ ಸಂದರ್ಭಗಳಲ್ಲಿಯೂ ಪ್ರಾಣಿಗೆ ಒಬ್ಬ ಒಡೆಯನಿದ್ದಾನೆ, ಅದು ಬದುಕಿದರೆ ಅವನಿಗೆ ಪ್ರಯೋಜನವಿದೆ. ಈ ಎರಡೂ ಇಲ್ಲದ ಕಡೆ ವೈದ್ಯ ತಡವಾಗಿ ತಲುಪುತ್ತದೆ. ಹೈನುಗಾರಿಕೆಯಲ್ಲಿ ಹುಟ್ಟುವ ಮಿಶ್ರತಳಿಯ ಗಂಡುಗರು ಉಳುಮೆಗೆ ಒಗ್ಗುವುದು ಕಡಿಮೆ. ದುಡಿದು ಮುದಿಯಾದ ಎತ್ತನ್ನು ಮಾರುವ ದಾರಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಬಳಿಕ ಬಹಳಮಟ್ಟಿಗೆ ಮುಚ್ಚಿದೆ. ಗೋಶಾಲೆಯ ದನವೊಂದನ್ನು ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ಪಡೆಯುವ ಪುಣ್ಯಕೋಟಿ ಯೋಜನೆ 2022ರಲ್ಲಿ, ಶಿಗ್ಗಾಂವ ಕ್ಷೇತ್ರದಿಂದಲೇ ಆಯ್ಕೆಯಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ಆರಂಭವಾಯಿತು. ಕಾನೂನು ಸಾವನ್ನು ತಡೆಯಬಲ್ಲದು. ಮುಪ್ಪಿನ ಮೇವು ಮತ್ತು ಮದ್ದಿನ ಖರ್ಚನ್ನು ಯಾರು ಹೊರಬೇಕೆಂಬುದು ಮಾತ್ರ ಇತ್ಯರ್ಥವಾಗದೆ ಉಳಿದಿದೆ.

ಬೀದಿನಾಯಿಯ ವಿಷಯದಲ್ಲಿ ಈ ಕೊರತೆ ಮನುಷ್ಯರ ಜೀವಕ್ಕೇ ಎರವಾಗುತ್ತದೆ. ಮನುಷ್ಯರಿಗೆ ಬರುವ ರೇಬೀಸ್ ಬಹುತೇಕ ನಾಯಿಕಡಿತದಿಂದಲೇ ಬರುವುದರಿಂದ, ಒಂದು ಪ್ರದೇಶದ ನೂರಕ್ಕೆ ಎಪ್ಪತ್ತರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ಸೋಂಕಿನ ಸರಪಳಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯನ್ನು ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಆದರೆ ಸಣ್ಣ ಪಟ್ಟಣಗಳಲ್ಲಿ ಅದಕ್ಕೆ ಬೇಕಾದ ಶಸ್ತ್ರಚಿಕಿತ್ಸಾ ಕೊಠಡಿ, ತರಬೇತಿ ಪಡೆದ ಸಿಬ್ಬಂದಿ, ನಾಯಿಗಳನ್ನಿಡುವ ಗೂಡು, ಇವುಗಳನ್ನು ಹೊಂದಿಸುವುದು ಸುಲಭವಲ್ಲ.

ಹಾನಗಲ್ಲ ಮತ್ತು ಹಿರೇಕೆರೂರಿನ ನೆರೆಯಲ್ಲಿರುವ ಸೊರಬ ತಾಲ್ಲೂಕಿನ ಪಾಠ ಇನ್ನೂ ಹಳೆಯದು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ದನಗಳಿಗೆ ಆ ರೋಗ ಬಾಧಿಸದಿದ್ದರೂ, ಕಾಡಿನಲ್ಲಿ ಮೇಯುವ ದನಗಳ ರಕ್ತ ಹೀರಿಯೇ ಬೆಳೆದ ಉಣ್ಣೆಗಳು ಮೊಟ್ಟೆಯಿಟ್ಟು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಮಂಗಕ್ಕೆ ಒಡೆಯನಿಲ್ಲ, ಉಣ್ಣೆಗೂ ಇಲ್ಲ. ಅದರ ಪರಿಣಾಮ ಮಾತ್ರ ಸೌದೆಗೆ, ದರಗಿಗೆ ಕಾಡಿಗೆ ಹೋಗುವ ಬಡವರ ಮೇಲಾಗುತ್ತದೆ. ಕಂದು ಹಾಕಿದ ದನವನ್ನು ಬರಿಗೈಯಲ್ಲಿ ಮುಟ್ಟಿದ ರೈತನಿಗೋ ಪಶುವೈದ್ಯನಿಗೋ ಬ್ರುಸೆಲ್ಲೋಸಿಸ್ ತಗುಲಿ, ಬಿಟ್ಟುಬಿಟ್ಟು ಬರುವ ಜ್ವರ ಮತ್ತು ಕೀಲುನೋವು ತಿಂಗಳುಗಟ್ಟಲೆ ಕಾಡುವುದೂ ಇದೇ ಬಗೆಯದು. ಮನುಷ್ಯ, ಪ್ರಾಣಿ ಮತ್ತು ಪರಿಸರದ ಆರೋಗ್ಯ ಒಂದೇ ಎಂಬ ಏಕ ಆರೋಗ್ಯದ ಪರಿಕಲ್ಪನೆ ಇಂಥ ಅನುಭವಗಳಿಂದ ರೂಪುಗೊಂಡಿದೆ.

ದನವನ್ನು ಸಂಪತ್ತೆಂದು ಕಾದ ಕಾಲದಿಂದ ಹೋರಿಯನ್ನು ಮನೆಮಗನೆಂದು ಸಾಕುವ ಕಾಲದವರೆಗೆ ಪಶುವೈದ್ಯ ಮನುಷ್ಯರ ಅಗತ್ಯ ಮತ್ತು ಅಭಿಮಾನಗಳ ಬೆನ್ನು ಹಿಡಿದೇ ಬೆಳೆದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಲಾಭ ಮತ್ತು ಪ್ರೀತಿಗಳೆರಡೂ ಇಲ್ಲದೆ ಯಾವ ಕೊಟ್ಟಿಗೆಗೂ ವೈದ್ಯರು ಬಂದದ್ದಿಲ್ಲ. ಆದರೆ ರೋಗಾಣುವಿಗೆ ಬಹುಮಾನ ಗೆದ್ದ ಹೋರಿಯೂ ಒಂದೇ, ಹಾಲು ಬತ್ತಿದ ಆಕಳೂ ಒಂದೇ. ದೊಡ್ಡರೋಗ ತೊಲಗಿದ್ದು ಬೆಲೆಬಾಳುವ ದನಗಳಿಗೆ ಮೊದಲು ಮದ್ದು ಹಾಕಿದ್ದರಿಂದಲ್ಲ, ಬೆಲೆ ನೋಡದೆ ಇಡೀ ಹಿಂಡಿಗೆ ಲಸಿಕೆ ಹಾಕಿದ್ದರಿಂದ. ಆದ್ದರಿಂದ ಒಡೆಯನು ಹಣ ಕೊಟ್ಟು ಪಡೆಯುವ ಚಿಕಿತ್ಸೆ ಎಷ್ಟೇ ಸುಧಾರಿಸಿದರೂ, ಮುದಿ ಎತ್ತು, ಬೇಡದ ಗಂಡುಗರು ಮತ್ತು ಬೀದಿನಾಯಿಗಳ ಆರೋಗ್ಯದ ಖರ್ಚನ್ನು ಸಾರ್ವಜನಿಕ ಆರೋಗ್ಯದ ಬಾಬತ್ತೆಂದು ಪರಿಗಣಿಸಿ ಸ್ಥಳೀಯ ಸಂಸ್ಥೆಗಳ ಬಜೆಟ್ಟಿನಲ್ಲಿ ಸೇರಿಸುವವರೆಗೆ, ಈ ನಾಲ್ಕು ತಾಲ್ಲೂಕುಗಳಲ್ಲಿಯಾಗಲಿ ಬೇರೆಡೆಯಲ್ಲಿಯಾಗಲಿ ಪಶುವೈದ್ಯದ ಕೆಲಸ ಅರ್ಧದಲ್ಲಿಯೇ ನಿಂತಿರುತ್ತದೆ.